ಸಂಗಮದ ಹರಿಗೋಲು

ನಾರ್ವೆಯ ಕರಾವಳಿಯಲ್ಲಿ ಹಿಮನದಿಗಳು ಕೊರೆದ ಕಣಿವೆಗಳಿಗೆ ಕಡಲು ನುಗ್ಗಿ ಉಂಟಾದ, ಫಿಯರ್ಡ್ ಎಂದು ಕರೆಯಲಾಗುವ ಕಡಿದಾದ ಕೊಲ್ಲಿಗಳನ್ನು ನೋಡಲು ದೊಡ್ಡ ಹಡಗುಗಳು ಬೇಕಾದರೆ, ಕನಕಪುರ ತಾಲ್ಲೂಕಿನ ಸಂಗಮದಲ್ಲಿ, ಅರ್ಕಾವತಿಯು ಕಾವೇರಿಯನ್ನು ಕೂಡುವೆಡೆ, ಮೇಕೆದಾಟಿನ ಕಲ್ಲುಕಮರಿಯತ್ತ ಹೊರಟವರನ್ನು ಆಚೆ ದಡ ಮುಟ್ಟಿಸಲು ಬಿದಿರಿನ ಒಂದು ಬುಟ್ಟಿ ಸಾಕಾಗುತ್ತದೆ. (ಆ ಕಮರಿಯ ಸೆಳವಿಗೆ ಮಾತ್ರ ಯಾವ ದೋಣಿಯೂ ಇಳಿಯಲಾರದು.) ಹರಿಗೋಲು ಅಥವಾ ತೆಪ್ಪವೆಂಬ ಈ ದುಂಡು ದೋಣಿಗೆ ಮುಂದು ಹಿಂದೆಂಬುದಿಲ್ಲ, ಸೀಳಿದ ಬಿದಿರ ದಬ್ಬೆಗಳನ್ನು ಅಡ್ಡಹಾಯಿಸಿ ಹೆಣೆದು, ಅಂಚನ್ನು ಹುರಿಯಂತೆ ಹೊಸೆದು ಬಿಗಿದು, ಹೊರಮೈಗೆ ಹಿಂದೆ ತೊಗಲನ್ನು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇಂಥವೇ ತೊಗಲುಹೊದಿಕೆಯ ಬುಟ್ಟಿದೋಣಿಗಳು 15–20 ಮಂದಿಯನ್ನು ಹೊಳೆ ದಾಟಿಸುತ್ತಿದ್ದುದನ್ನು ದಾಖಲಿಸಿದ್ದಾನೆ.

ಆದರೂ ನಿಜವಾದ ಚಮತ್ಕಾರವಿರುವುದು ಅಂಬಿಗನ ಮಣಿಕಟ್ಟಿನಲ್ಲಿ. ಒಂದೇ ಬದಿಗೆ ಹುಟ್ಟು ಹಾಕಿದರೆ ಚನ್ನಪಟ್ಟಣದ ಬುಗುರಿಯಂತೆ ಗಿರ್ರನೆ ತಿರುಗುವ ಈ ಬುಟ್ಟಿಯನ್ನು ಆತ, ಎದುರಿನ ನೀರನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತನ್ನತ್ತ ಸೆಳೆದುಕೊಳ್ಳುತ್ತ, ಸುಳಿಯ ಅಂಚನ್ನು ಕಣ್ಣಳತೆಯಲ್ಲೇ ತಪ್ಪಿಸಿ ನೇರವಾಗಿ ನಡೆಸುತ್ತಾನೆ. ಚಪ್ಪಟೆ ತಳದ ದೆಸೆಯಿಂದ ಅದು ಬಂಡೆಗಳ ಮೇಲಿನ ತೆಳುನೀರಿನಲ್ಲೂ ಸರಾಗವಾಗಿ ಜಾರುತ್ತದೆ. ಕೆಲಸ ಮುಗಿದ ಮೇಲೆ ಚಿಕ್ಕ ಹರಿಗೋಲನ್ನು ಒಬ್ಬನೇ ಬೋರಲಾಗಿ ಬೆನ್ನಮೇಲೆ ಹೊತ್ತು ದಡ ಹತ್ತಬಲ್ಲ.