25ಕ್ಕೆ ಎಷ್ಟು?

2021ರ ಏಪ್ರಿಲ್-ಮೇ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಕೋವಿಡ್ ಬಂದವರ ಮನೆಗೆ ಫೋನ್ ಮಾಡಿದವರು ಮೊದಲು ಕೇಳುತ್ತಿದ್ದುದು ‘ಸ್ಕೋರ್ ಎಷ್ಟ್ ಬಂತ್ರಿ?’ ಎಂದು. ಎದೆಯ ಸಿ.ಟಿ. ಸ್ಕ್ಯಾನ್ ಕೊಡುವ ಅಂಕವೇ ಕಾಯಿಲೆಯ ತೀವ್ರತೆ ಎಂಬ ನಂಬಿಕೆ ಆಗ ಬೇರೂರಿತು. ಅದು ತಪ್ಪು ನಂಬಿಕೆ, ಅಪಾಯದ ನಂಬಿಕೆ ಕೂಡ.

ಆ ಅಂಕ ಹೇಗೆ ಹುಟ್ಟುತ್ತದೆ ನೋಡಿ. ಶ್ವಾಸಕೋಶಕ್ಕೆ ಬಲಗಡೆ ಮೂರು, ಎಡಗಡೆ ಎರಡು ಹಾಲೆಗಳು. ಪ್ರತಿ ಹಾಲೆಯಲ್ಲಿ ಸೋಂಕಿನ ಕಲೆ ಎಷ್ಟು ಹರಡಿದೆಯೆಂದು ರೇಡಿಯಾಲಜಿಸ್ಟ್ ಕಣ್ಣಳತೆಯಲ್ಲಿ ಅಂದಾಜಿಸಿ 5ರವರೆಗೆ ಅಂಕ ಹಾಕುತ್ತಾರೆ; ಒಟ್ಟು 25. ಬಲಗಡೆಯ ನಡುಹಾಲೆ ಐದರಲ್ಲೂ ಚಿಕ್ಕದು, ಆದರೂ ದೊಡ್ಡ ಕೆಳಹಾಲೆಯಷ್ಟೇ ಅಂಕ ಅದಕ್ಕೂ ಉಂಟು. ತೆಳುವಾದ ಮಬ್ಬು, ಗಾಳಿಯಾಡದಷ್ಟು ಗಟ್ಟಿಯಾದ ಭಾಗ, ಎರಡಕ್ಕೂ ಲೆಕ್ಕ ಒಂದೇ. 40 ಅಂಕದ ಇನ್ನೊಂದು ಪದ್ಧತಿಯೂ ಇದೆ. ಸ್ಕ್ಯಾನ್ ವರದಿಯಲ್ಲಿ ಕೋ-ರ್‍ಯಾಡ್ಸ್ 5 ಎಂದು ಬರೆದಿದ್ದರೆ ಅದು ಕೋವಿಡ್ ಇರುವ ಶಂಕೆ ಬಲವಾಗಿದೆ ಎಂದಷ್ಟೇ. ತೀವ್ರತೆಯ ಮಾತೇ ಅಲ್ಲ.

ಹೆಚ್ಚು ಕೇಡು ಮಾಡುವುದು ಅವಸರದ ಸ್ಕ್ಯಾನ್. ಲಕ್ಷಣ ಕಂಡ ಎರಡು ದಿನದೊಳಗೆ ಸ್ಕ್ಯಾನ್ ಆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಚಿತ್ರ ಸ್ವಚ್ಛವಾಗಿತ್ತೆಂದು ಚೀನಾದ ರೋಗಿಗಳ ಮೇಲಿನ 2020ರ ಅಧ್ಯಯನವೊಂದು ತೋರಿಸಿತ್ತು. ಕಲೆಗಳು ಹೆಚ್ಚಾಗುವುದು ಹತ್ತನೆಯ ದಿನದ ಹೊತ್ತಿಗೆ. ಎರಡನೇ ದಿನ ‘2’ ಬಂತೆಂದು ನೆಮ್ಮದಿಯಾಗಿ ಮಲಗಿದವರಿಗೆ ಎಂಟನೇ ದಿನ ದಮ್ಮು ಹತ್ತಬಹುದು.

ಸಿ.ಟಿ. ವಿರುದ್ಧ ಆಗ ಎದ್ದ ದೊಡ್ಡ ಆಕ್ಷೇಪವನ್ನೂ ನಾನು ಒಪ್ಪುವುದಿಲ್ಲ. ಒಂದು ಸ್ಕ್ಯಾನ್ 300-400 ಎಕ್ಸ್‌ರೇಗೆ ಸಮ ಎಂದು ಏಮ್ಸ್ ನಿರ್ದೇಶಕ ರಣದೀಪ್ ಗುಲೇರಿಯಾ 2021ರ ಮೇ ತಿಂಗಳಲ್ಲಿ ಹೇಳಿದರು. ಈಗಿನ ಯಂತ್ರಗಳಿಗೆ ಆ ಲೆಕ್ಕ ಹೊಂದದು ಎಂದು ರೇಡಿಯಾಲಜಿಸ್ಟರ ಸಂಘ ಪ್ರತಿಭಟಿಸಿದ್ದು ಸರಿಯಾಗಿಯೇ ಇತ್ತು. ವಿಕಿರಣದ ಭಯ ಹುಟ್ಟಿಸಿದರೆ ನಿಜಕ್ಕೂ ಸ್ಕ್ಯಾನ್ ಬೇಕಾದವರೂ ಹಿಂಜರಿಯುತ್ತಾರೆ.

ತೀವ್ರತೆ ಅಳೆಯುವ ಕ್ರಮವನ್ನು ಕೇಂದ್ರದ ಮಾರ್ಗಸೂಚಿ 2021ರ ಏಪ್ರಿಲ್‌ನಲ್ಲೇ ಹೇಳಿತ್ತು: ರಕ್ತದ ಆಮ್ಲಜನಕ ಶೇ 90ರಿಂದ 93 ಇದ್ದರೆ ಮಧ್ಯಮ, 90ಕ್ಕಿಂತ ಕೆಳಗಿಳಿದರೆ, ಇಲ್ಲವೇ ಉಸಿರು ನಿಮಿಷಕ್ಕೆ 30 ದಾಟಿದರೆ ತೀವ್ರ. ಇದಕ್ಕೆ ಬೇಕಾದದ್ದು ಬೆರಳಿಗೆ ಹಾಕುವ ಆಕ್ಸಿಮೀಟರ್, ಒಂದು ಗಡಿಯಾರ. ಕಪ್ಪು ಚರ್ಮದವರಲ್ಲಿ ಆಕ್ಸಿಮೀಟರ್ ತುಸು ಹೆಚ್ಚು ತೋರಿಸಬಹುದು, ನಿಜ. ಅದಕ್ಕಾಗಿಯೇ ಉಸಿರನ್ನೂ ಎಣಿಸಬೇಕು, ಆರು ನಿಮಿಷ ನಡೆಸಿ ಮತ್ತೆ ನೋಡಬೇಕು. ಇಷ್ಟನ್ನು ಆಶಾ ಕಾರ್ಯಕರ್ತೆ ಮನೆಯಂಗಳದಲ್ಲೇ ಮಾಡಬಲ್ಲರು. ದಮ್ಮು ಹತ್ತಿದವರನ್ನು ಬರೀ ಅಂಕಕ್ಕಾಗಿ ರಾಮದುರ್ಗದಿಂದ ಸುಮಾರು ನೂರು ಕಿಲೋಮೀಟರ್ ದೂರದ ಬೆಳಗಾವಿಗೆ ಗಾಡಿಯಲ್ಲಿ ಕೂರಿಸಿಕೊಂಡು ಹೋದರೆ, ಆಮ್ಲಜನಕ ಕೊಡಬೇಕಾದ ಹೊತ್ತು ದಾರಿಯಲ್ಲೇ ಕಳೆಯುತ್ತದೆ.

ಹಾಗೆಂದು ಸ್ಕ್ಯಾನೇ ಬೇಡವೆಂದಲ್ಲ. ಚಿಕಿತ್ಸೆ ನಡೆಯುತ್ತಿದ್ದರೂ ರೋಗಿ ಕುಸಿಯುತ್ತಿದ್ದರೆ ಸ್ಕ್ಯಾನ್ ಬೇಕು. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯೇ ಎಂದು ತಿಳಿಯಲಂತೂ ಬೇಕೇ ಬೇಕು. ಅದಕ್ಕೆ ರಕ್ತನಾಳಕ್ಕೆ ಔಷಧ ಚುಚ್ಚಿ ಮಾಡುವ ಬೇರೆ ಸ್ಕ್ಯಾನ್ ಮಾಡಬೇಕು, ಸ್ಕೋರ್ ಕೊಡುವ ಸಾದಾ ಸ್ಕ್ಯಾನಿನಲ್ಲಿ ಅದು ಕಾಣದು. ಇನ್ನು ಸ್ಕೋರ್ ಬರೆಯಲೇಬೇಕೆಂದಿದ್ದರೆ, ಅದರ ಪಕ್ಕದಲ್ಲೇ ಲಕ್ಷಣ ಶುರುವಾಗಿ ಎಷ್ಟನೇ ದಿನ, ಆಮ್ಲಜನಕ ಎಷ್ಟು, ಉಸಿರು ನಿಮಿಷಕ್ಕೆ ಎಷ್ಟು ಎಂಬುದನ್ನೂ ಸ್ಕ್ಯಾನ್ ಕೇಂದ್ರಗಳು ಅಚ್ಚು ಮಾಡಬೇಕು.