‘ಇಲ್ಲ’ಗಳ ಕೇಕು

ಹಾಲಿಲ್ಲ, ಬೆಣ್ಣೆಯಿಲ್ಲ, ಮೊಟ್ಟೆಯಿಲ್ಲ, ಗ್ಲುಟನ್ ಇಲ್ಲ. ಈಗಿನ ವೀಗನ್ ಚಾಕಲೇಟ್ ಲೇಯರ್ ಕೇಕಿನ ಡಬ್ಬದ ಮೇಲೆ ಏನಿಲ್ಲ ಅನ್ನೋದೇ ದಪ್ಪಕ್ಷರದಲ್ಲಿ ಇರುತ್ತೆ. ಏನಿದೆ ಅಂತ ನೋಡಿದ್ರೆ ಬಾದಾಮಿ ಹಿಟ್ಟು, ಬಾದಾಮಿ ಹಾಲು, ಬಾದಾಮಿ ಬೆಣ್ಣೆ. ಬಾಯಿಗಿಟ್ಟರೆ ಬಾದಾಮಿ ಹಲ್ವದ ಭಾರ. ಚಾಕಲೇಟ್ ಎಲ್ಲೋ ಹಿಂದೆ ಉಳಿದಿರುತ್ತೆ.

ನನಗೆ ಹಿಡಿಸಿದ್ದು ರಾಗಿ ಹಿಟ್ಟು, ಕೋಕೋ, ಬೆಲ್ಲದ ಕೇಕು. ಪದರದ ನಡುವೆ ನುಣ್ಣಗೆ ರುಬ್ಬಿದ ಕಡ್ಲೆಕಾಯಿ ಬೆಣ್ಣೆ. ರಾಗಿಯಲ್ಲಿ ಹುಟ್ಟಿನಿಂದಲೇ ಗ್ಲುಟನ್ ಇಲ್ಲ, ಹುರಿದ ರಾಗಿಯ ಘಮ ಕೋಕೋಗೆ ಚೆನ್ನಾಗಿ ಹೊಂದುತ್ತೆ. ಹಿಡಿದಿಡೋ ಅಂಟಿಲ್ಲವಾದ್ದರಿಂದ ನೆನೆಸಿದ ಅಗಸೆಪುಡಿ ಬೇಕು. ಪೂರ್ತಿ ಆರೋ ಮುಂಚೆ ಕತ್ತರಿಸಿದ್ರೆ ಪುಡಿಪುಡಿ.

ಆದ್ರೆ ರಾಗಿ ಅಂದ ಮಾತ್ರಕ್ಕೆ ಲೇಬಲ್ ನಿಜವಾಗಲ್ಲ. ಹಿಟ್ಟಿನ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ಮುಂದಿನವರ ರಾಗಿ ಸುರಿಯೋದನ್ನ ಹಳ್ಳಿಯಲ್ಲಿ ಬೆಳೆದ ನಾವು ನೋಡಿದ್ದೀವಿ. ಫ್ಯಾಷನ್ನಿಗೆ ಗ್ಲುಟನ್ ಬಿಟ್ಟವರಿಗೆ ಆ ಚಿಟಿಕೆ ಗೋಧಿ ಲೆಕ್ಕಕ್ಕಿಲ್ಲ. ಸೀಲಿಯಾಕ್ ಕಾಯಿಲೆಯ ಮಗುವಿಗೆ ಅದು ಕರುಳಿಗೇ ಪೆಟ್ಟು. ಬೇಕರಿಯವರನ್ನ ಕೇಳಬೇಕಾದ್ದು ಒಂದೇ: ಸ್ವಾಮಿ, ಈ ಹಿಟ್ಟು ಎಲ್ಲಿ ಬೀಸಿದ್ದು?