ಮತ್ರ್ಯೋನಾಳ ಪ್ರಶ್ನೆ

ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿ ಕನ್ನಡಕ್ಕೆ ಕೊಟ್ಟವರು ನಮ್ಮ ಗಡಿನಾಡಿನ ಮಂಜೇಶ್ವರದ ಗೋವಿಂದ ಪೈಗಳು. ಶಿಲುಬೆಯ ಮೇಲೆ ಬೆಳಗಿದ ಆ ಕರುಣೆ ಬಡವನ ಗುಡಿಸಲಿನಲ್ಲಿ ಹೇಗೆ ಬಾಳುತ್ತದೆ ಎಂಬುದನ್ನು ಅರಿಯಲು ನಾವು ಟಾಲ್‌ಸ್ಟಾಯ್ ಅವರ ‘ಮನುಷ್ಯರು ಬದುಕುವುದು ಯಾವುದರಿಂದ’ ಎಂಬ ಕಥೆಯನ್ನು ಓದಬೇಕು. ಜನಪದ ಕಥೆಗಾರನೊಬ್ಬನಿಂದ 1879ರಲ್ಲಿ ಕೇಳಿದ ಐತಿಹ್ಯದಿಂದ ಬೆಳೆದ ಈ ಕಥೆ 1881ರಲ್ಲಿ ಮಕ್ಕಳ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಜೋಡು ಹೊಲಿಯುವ ಸೆಮ್ಯೋನನಿಗೂ ಅವನ ಹೆಂಡತಿ ಮತ್ರ್ಯೋನಾಳಿಗೂ ಚಳಿಗಾಲಕ್ಕೆ ಇರುವುದು ಕುರಿತೊಗಲಿನ ಒಂದೇ ಕೋಟು. ಹೊಸದಕ್ಕೆ ತೊಗಲು ತರಲು ಹೊರಟವನಿಗೆ ಬರಬೇಕಾದ ಬಾಕಿ ಬರುವುದಿಲ್ಲ. ಸಿಕ್ಕ ಇಪ್ಪತ್ತು ಕೊಪೆಕ್ಕನ್ನು ಕುಡಿದು ಮರಳುವಾಗ ಪ್ರಾರ್ಥನಾ ಮಂದಿರದ ಬಳಿ ಬೆತ್ತಲೆ ಮನುಷ್ಯನೊಬ್ಬ ಕಾಣುತ್ತಾನೆ. ಸೆಮ್ಯೋನ್ ಮೊದಲು ಅಂಜಿ ಮುಂದೆ ಹೋಗುತ್ತಾನೆ. ಬಳಿಕ ನಾಚಿ ಹಿಂದಿರುಗುತ್ತಾನೆ. ದಯೆಯ ಮೂಲದಲ್ಲಿ ಇಂಥ ನಾಚಿಕೆಯಿದೆಯೆಂದು ತೋರಿಸಿದುದರಲ್ಲಿಯೇ ಕಥೆಗಾರರ ಪ್ರಾಮಾಣಿಕತೆ ಇದೆ. ಅವರು ಬಡವನನ್ನು ಸಂತನನ್ನಾಗಿ ಮಾಡಲಿಲ್ಲ.

ಆದರೂ ಕಥೆಯ ನಿಜವಾದ ಪರೀಕ್ಷೆ ಮತ್ರ್ಯೋನಾಳದು. ಉಳಿದ ರೊಟ್ಟಿಯನ್ನು ಎಷ್ಟು ದಿನಕ್ಕೆ ಎಟುಕಿಸಬೇಕೆಂದು ಎಣಿಸುತ್ತಿದ್ದವಳು ಅವಳು. ಗಂಡನನ್ನು ಬಯ್ದು, ದೇವರ ನೆನಪು ಬಂದೊಡನೆ ಕರಗಿ, ಆ ರೊಟ್ಟಿಯನ್ನೇ ಅಪರಿಚಿತನಿಗೆ ಬಡಿಸುತ್ತಾಳೆ. ರಾತ್ರಿ ಮಲಗಿದಾಗ, ನಾವು ಕೊಡುವವರಾಗಿರುವಾಗ ನಮಗೇಕೆ ಯಾರೂ ಕೊಡುವುದಿಲ್ಲವೆಂದು ಕೇಳುತ್ತಾಳೆ. ಸೆಮ್ಯೋನನಲ್ಲಿ ಉತ್ತರವಿಲ್ಲ, ಅವನು ಮಗ್ಗುಲು ಬದಲಿಸುತ್ತಾನೆ.

ಆ ಅಪರಿಚಿತನು ಶಿಕ್ಷೆಗೊಳಗಾದ ದೇವದೂತನೆಂದು ಕೊನೆಗೆ ತಿಳಿಯುತ್ತದೆ. ಮನುಷ್ಯರು ಪ್ರೀತಿಯಿಂದ ಬದುಕುತ್ತಾರೆಂದು ಅವನು ವಿವರಿಸುವಾಗ ಕಥೆ ತುಸು ಪ್ರವಚನವಾಗುತ್ತದೆ. ಕಂಡದ್ದನ್ನೇ ಮತ್ತೆ ಹೇಳಿಸಿಕೊಂಡಂತೆ ನಮಗೆ ಅನಿಸುತ್ತದೆ. ಬಾಕಿ ಕೊಡದವರ ವಿಚಾರವನ್ನೂ ಅವನು ಎತ್ತುವುದಿಲ್ಲ. ಮತ್ರ್ಯೋನಾಳ ಪ್ರಶ್ನೆಗೆ ದೇವದೂತನೂ ನೇರವಾಗಿ ಉತ್ತರಿಸಲಿಲ್ಲ.

ಈ ಕಥೆಯನ್ನು ನಾವು ತರಗತಿಯಲ್ಲಿ ಹೇಳಿದಾಗ ಮಕ್ಕಳು ದೇವದೂತನ ರೆಕ್ಕೆಗಳ ಬಗ್ಗೆ ಕೇಳಲಿಲ್ಲ. ಮರುದಿನ ಆ ಮನೆಯವರು ಏನು ತಿಂದರೆಂದು ಕೇಳಿದರು. ಅದಕ್ಕೆ ಉತ್ತರ ಕಥೆಯಲ್ಲಿಯೇ ಇದೆ. ಅವಸರದ ಓದಿನಲ್ಲಿ ಅದು ಕಣ್ತಪ್ಪುತ್ತದೆ. ಬೆಳಗಾದಾಗ ಮತ್ರ್ಯೋನಾ ರೊಟ್ಟಿಯನ್ನು ಕಡ ತರಲು ನೆರೆಮನೆಗೆ ಹೋಗಿರುತ್ತಾಳೆ.

ನಮ್ಮ ದೃಷ್ಟಿಯಲ್ಲಿ ಕಥೆಯ ಭರವಸೆ ಈ ಒಂದು ವಾಕ್ಯದಲ್ಲಿದೆ. ಕೊಟ್ಟವಳು ಕೇಳಲು ನಾಚಲಿಲ್ಲ. ಕೇಳಿದರೆ ಸಿಕ್ಕೀತೆಂಬ ನಂಬಿಕೆ ಅವಳಿಗಿತ್ತು. ಕ್ರೈಸ್ತ ಶ್ರದ್ಧೆಯಿಂದ ಮೂಡಿದ ಈ ಕಥೆ ಬಡತನವನ್ನು ಹೊಗಳುವುದಿಲ್ಲ, ನೀಗುವುದೂ ಇಲ್ಲ. ಬಡವರ ಮನೆಗಳ ನಡುವಿನ ಬಾಗಿಲನ್ನು ತೆರೆದಿಡುತ್ತದೆ. ಕೈಗಡದ ಅಕ್ಕಿಯಿಂದ ಒಲೆ ಹೊತ್ತಿಸಿದ ನಮ್ಮ ಹಿರಿಯರಿಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಮಕ್ಕಳಿಗೆ ಹೇಳಬೇಕಾಗಿದೆ.